ಅವ್ವನ ಹೆಸರಿನ ಭಾಂಡೆ

ತಿಕೋಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ ನೆನಪು ನನಗಿಲ್ಲ. ಮಣ್ಣಿನ ಮಾಳಿಗೆಯ ಮನೆ ಅದು. ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ದೇವರ ಜಗುಲಿ, ಅಡಿಗೆಮನೆ. ಆ ಪಡಸಾಲೆಯ ಮುಕ್ಕಾಲು ಪಾಲನ್ನು ಬಾಡಿಗೆಗೆ ಕೊಡುವ ಭಾಂಡೆಗಳು ನುಂಗಿದ್ದವು. ಆಳೆತ್ತರಕ್ಕೆ ಪೇರಿಸಿದ ಸ್ಟೀಲಿನ ತಾಟು, ಒಂದರ ಹೊಟ್ಟೆಯಲ್ಲೊಂದು ಕೂತ ಜರ್ಮನ್ ಪಾತೇಲಿ (ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅಂತಲೇ ಹೆಸರು), ನನ್ನ ತಂಗಿ ಕೂತು ಮೈ ತೊಳೆದುಕೊಳ್ಳಬಹುದಾದಷ್ಟು ದೊಡ್ಡ ಕಡಾಯಿ, ಬಕೆಟ್ಟು, ಹಿಟ್ಟು ಕಲಸುವ ಪರಾತ, ಬುಂದಿ ಕರಿಯುವ ತೂತಿನ ಝಾರಾ, ಸೌಟು. ಉಳಿದ ಸಂದಿಯಲ್ಲಿ ನಾನು, ತಂಗಿ ಮತ್ತು ಆಯಿ. ಆಯಿ ಎಂದರೆ ಅಪ್ಪನನ್ನು ಹೆತ್ತವಳು. ನಿದ್ದೆಗಣ್ಣಿನಲ್ಲಿ ಯಾರಾದರೂ ಮಗ್ಗುಲಾದರೆ ತಾಟಿನ ರಾಶಿ ಝಲ್ಲೆನ್ನುತ್ತಿತ್ತು. ಆಯಿ ಎದ್ದು ಕೂತು ಶಿವಶಿವಾ ಎಂದು ಮಗನನ್ನು ಬೈಯಲು ಶುರು ಮಾಡುತ್ತಿದ್ದಳು. ಬೈಸಿಕೊಳ್ಳಲು ಮಗ ಮನೆಯಲ್ಲಿ ಇರಬೇಕಲ್ಲ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಜತ್ತದಿಂದ ವಿಜಾಪುರ, ವಿಜಾಪುರದಿಂದ ಜತ್ತ, ನಡುವೆ ಎಲ್ಲೋ ವಸತಿ. ಅಂಗಡಿ ಅವನದು, ಅಂಗಡಿಯೊಳಗಿನ ಬಾಳು ನಮ್ಮದು.

ಈಗ ನಾನು ಪಾಠ ಹೇಳುವ ಶಾಲೆಯಲ್ಲಿ ನನ್ನ ಜೊತೆಯವಳೊಬ್ಬಳು ಮೊಬೈಲಿನಲ್ಲೇ ಸೀರೆ ಮಾರುತ್ತಾಳೆ. ಮತ್ತೊಬ್ಬರು ಹೆಂಡತಿಯ ಹೆಸರಿನಲ್ಲಿ ವಿಮೆ ಮಾಡಿಸುತ್ತಾರೆ. ನೀವೂ ಏನಾದರೂ ಜೋಡಧಂದೆ ಮಾಡ್ರಿ ಬಾಯಾರ, ಪಗಾರ ಒಂದನ್ನೇ ನೆಚ್ಚಿಕೊಂಡು ಯಾರು ಕೂತಾರ ಈ ಕಾಲದಾಗ, ಎಂದು ನನಗೂ ಬುದ್ಧಿ ಹೇಳುತ್ತಾರೆ. ನಾನು ನಗುತ್ತೇನೆ. ಅವರಿಗೆ ಹೇಗೆ ಹೇಳಲಿ, ಜೋಡಧಂದೆ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಹಲ್ಲು ಇವತ್ತಿಗೂ ಜುಮ್ಮೆನ್ನುತ್ತವೆ. ಅದು ತಾಟಿನ ಸದ್ದಿಗಲ್ಲ. ತಾಟಿನ ಮೇಲೆ ಕಾನಸ, ಅಂದರೆ ಅರ, ತಿಕ್ಕಿದ ಸದ್ದಿಗೆ.

ಧಂದೆಯ ಹುಚ್ಚು ಹತ್ತಿಸಿದವರು ಯಶವಂತ ಕಾಕಾ. ಅಪ್ಪನ ಬಸ್ಸಿನ ಡ್ರೈವರು. ನಮ್ಮೂರಿನವರೇ, ಕೆಳಗಿನ ಓಣಿಯ ಬೌದ್ಧರ ಮನೆಯವರು. ಮರಾಠಿ ಸಾಲೆ ಕಲಿತವರಾದರೂ ಕನ್ನಡ ಮಾತಾಡಿದರೆ ವಿಜಾಪುರದವರನ್ನೂ ಮೀರಿಸುತ್ತಿದ್ದರು. ಅಪ್ಪ ಸಿದ್ದಪ್ಪನನ್ನು ಸಿದ್ಯಾ ಎಂದು ಕರೆಯುವ ಧೈರ್ಯ ಊರಲ್ಲಿದ್ದದ್ದು ಆಯಿಗೆ ಮತ್ತು ಅವರಿಗೆ ಮಾತ್ರ. ಅಪ್ಪನಿಗೂ ಅವರು ಬರೀ ಯಶವಂತ. ಗಾಡಿ ಓಡಿಸುವಾಗ ಹಿಂತಿರುಗಿ ನೋಡದೆ, ಗಂಟೆ ಬಡಿದ ರೀತಿಯಲ್ಲೇ ಸಿದ್ಯಾನ ಸಿಟ್ಟೋ ಸಮಾಧಾನವೋ ತಿಳಿಯುತ್ತದೆ ಎಂದು ನಮಗೆ ಹೇಳುತ್ತಿದ್ದರು. ಸುಮ್ಮನೆ ಹೇಳುತ್ತಿದ್ದರೋ ಏನೋ, ನಾವು ನಂಬಿದ್ದೆವು.

ಆಗ ನಮ್ಮ ಸೀಮೆಯಲ್ಲಿ ಮದುವೆ ಎಂದರೆ ಮನೆಮನೆಗೆ ತಿರುಗಿ ಭಾಂಡೆ ಎರವಲು ತರುವುದು. ಒಬ್ಬರ ಹಂಡೆ, ಇನ್ನೊಬ್ಬರ ಪರಾತ. ಅದಕ್ಕೇ ಪ್ರತಿ ಮನೆಯ ಪಾತ್ರೆಯ ಮೇಲೂ ಹೆಸರು ಕೊರೆಸಿರುತ್ತಿದ್ದರು. ಮದುವೆ ಮುಗಿದ ಮೇಲೆ ಯಾರದು ಯಾವುದು ಎಂದು ಆರಿಸಿ ಮುಟ್ಟಿಸುವುದೇ ಇನ್ನೊಂದು ಮದುವೆಯಷ್ಟು ಕೆಲಸ. ಕುಣಿಕೋಣೂರ, ಸನಮಡಿಗಳಂಥ ಊರುಗಳ ಜನ ಬಸ್ಸಿನ ಮೇಲೆ ಭಾಂಡೆ ಹೇರಿಕೊಂಡು ತಿರುಗುವುದನ್ನು ಕಾಕಾ ದಿನಾ ನೋಡುತ್ತಿದ್ದರು. ಒಂದೇ ಮನೆಯಲ್ಲಿ ಎಲ್ಲ ಸಿಗುವಂತಿದ್ದರೆ ಜನ ಬಾಡಿಗೆ ಕೊಟ್ಟು ಒಯ್ಯುತ್ತಾರೆ ಎಂದು ಅಪ್ಪನ ತಲೆಯಲ್ಲಿ ಹುಳ ಬಿಟ್ಟರು. ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ:

"ನೌಕರಿ ಅನ್ನೂದು ಒಂದ ಕಾಲು, ಸಿದ್ಯಾ. ಒಂಟಿಗಾಲಿಲೆ ಎಷ್ಟೊತ್ತ ನಿಂದರ್ತೀ?"

ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಏನಾಗುತ್ತದೆ ಗೊತ್ತೇನೋ ಎಂದು ಒಳಗಿನಿಂದ ಆಯಿ ಎಚ್ಚರಿಸಿದಳು. ಹೊಳೆಯೇ ಇಲ್ಲದ ಸೀಮೆಯಲ್ಲಿ ದೋಣಿಯ ಹೆದರಿಕೆ ಯಾಕವ್ವಾ ಎಂದು ಅಪ್ಪ ನಕ್ಕುಬಿಟ್ಟ. ಸರ್ಕಾರಿ ನೌಕರ ಧಂದೆ ಮಾಡುವಂತಿಲ್ಲ. ಹಾಗಾಗಿ ಎಲ್ಲ ಅವ್ವನ ಹೆಸರಿನಲ್ಲಿ ಎಂದಾಯಿತು. ಬರೀ ಹೆಸರಲ್ಲ, ಬಂಡವಾಳವೂ ಅವಳದೇ. ತವರಿನವರು ಕೊಟ್ಟಿದ್ದ ಆಕಳು ಕರು ಸಮೇತ ಸಂತೆಗೆ ಹೋಯಿತು. ಹೋಗುವಾಗ ಅವ್ವ ಅದರ ಹಣೆಗೆ ಭಸ್ಮ ಹಚ್ಚಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವತ್ತು ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು.

ಭಾಂಡೆ ಬಂದದ್ದು ವಿಜಾಪುರದಿಂದ, ಅಪ್ಪನ ಬಸ್ಸಿನ ಟಪ್ಪಿನ ಮೇಲೆ. ಕಾಕಾ ತಾವೇ ಮೇಲೆ ಹತ್ತಿ ಹಗ್ಗ ಕಟ್ಟಿದ್ದರು. ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕೂತ ಮಂದಿ ಗೊಣಗುತ್ತಿದ್ದರೂ ಲೆಕ್ಕಿಸದೆ ಒಂದೊಂದನ್ನೂ ಇಳಿಸಿಕೊಟ್ಟರು. ಎಲ್ಲದರ ಮೇಲೂ ವಿಜಾಪುರದ ಪೇಟೆಯಲ್ಲಿ ಹೆಸರು ಕೊರೆಯುವವನ ಕೈಯಿಂದ, ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ, ಶಾಂತವ್ವ, ತಿಕೋಂಡಿ ಎಂದು ಬರೆಸಲಾಗಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಒಂದು ತಾಟನ್ನು ಬೆಳಕಿಂಡಿಯ ಕೆಳಗೆ ಹಿಡಿದು, ಇದರಲ್ಲಿ ನಾನು ಎಲ್ಲಿದ್ದೇನೆ ಎಂದು ನನ್ನನ್ನು ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಮನೆ ಆಯಿಯ ಹೆಸರಿನಲ್ಲಿತ್ತು, ಹೊಲ ಅಪ್ಪನ ಹೆಸರಿನಲ್ಲಿ. ಅವಳ ಹೆಸರು ಎಲ್ಲಾದರೂ ಬರೆದದ್ದನ್ನು ಅವಳು ಕಂಡದ್ದು ಅದೇ ಮೊದಲು. ಆ ತಾಟನ್ನು ಅವಳು ಬಾಡಿಗೆಗೆ ಕೊಡಲಿಲ್ಲ, ದಿನಾ ಅದರಲ್ಲೇ ಉಂಡಳು.

ಧಂದೆ ಕೈಹಿಡಿಯಿತು, ಮನೆ ಕೈಬಿಟ್ಟಿತು. ಮದುವೆಯ ತಿಂಗಳು ಬಂತೆಂದರೆ ಅಂಗಳ ತುಂಬ ಮಸಿ ಮೆತ್ತಿದ ಪಾತೇಲಿಗಳು. ಅವ್ವ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ನಾನು ನೀರು ಹಾಕುತ್ತಿದ್ದೆ. ನೀರೋ, ದೂರದ ಬಾವಿಯಿಂದ ಹೊತ್ತು ತರಬೇಕು. ಅವಳ ಕೈಯ ಗೆರೆಗಳಲ್ಲಿ ಕೂತ ಕಪ್ಪು ವರ್ಷವಿಡೀ ಹೋಗುತ್ತಿರಲಿಲ್ಲ. ಅಪ್ಪ ರಜೆಗೆ ಬಂದರೆ ತಿಕ್ಕುವ ಕೆಲಸ ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಿದ್ದ. ಅಂದರೆ ಗಿರಾಕಿಗಳನ್ನು ಕೂರಿಸಿ ಚಹಾ ಹೇಳುತ್ತಿದ್ದ, ಮುಂದೆ ಸರೀರಿ, ಹಿಂದೆ ಸರೀರಿ ಎಂದು ಮನೆಯಲ್ಲೂ ಕಂಡಕ್ಟರಿಕೆ ನಡೆಸುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಆಯಿ ಅವನಿಗೆ ಕೇಳುವಂತೆಯೇ ಹೇಳುತ್ತಿದ್ದಳು. ನಮಗೆ ಮಕ್ಕಳಿಗೆ ಮಾತ್ರ ಒಂದು ಲಾಭವಿತ್ತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಬಾಡಿಗೆ ಕೊಟ್ಟು ಒಯ್ದವರೂ ಆ ಪದ್ಧತಿ ಬಿಡಲಿಲ್ಲ. ದೊಡ್ಡ ಪಾತೇಲಿಯ ತಳದಲ್ಲಿ ಹಿಡಿ ಗೋದಿ, ಬೆಲ್ಲದ ಉಂಡೆ, ಒಮ್ಮೊಮ್ಮೆ ಹುಗ್ಗಿ, ಬುಂದಿ ಇರುತ್ತಿತ್ತು. ಹೋಗದ ಮದುವೆಗಳನ್ನೆಲ್ಲ ನಾವು ಮನೆಯಲ್ಲೇ ಕೂತು ಉಂಡೆವು.

ಹೀಗಿರುವಾಗ ಯಶವಂತ ಕಾಕಾನ ದೊಡ್ಡ ಮಗಳ ಮದುವೆ ನಿಕ್ಕಿಯಾಯಿತು. ನಡೆಯುವ ಗಾಡಿಯಲ್ಲೇ ಅವರು ಭಾಂಡೆ ಕೇಳಿದರಂತೆ, ಅಪ್ಪ ಕೇಳಿ ಮುಗಿಯುವ ಮೊದಲೇ ಹೂಂ ಅಂದನಂತೆ. ಮನೆಗೆ ಬಂದು ಸಂತೋಷದಿಂದಲೇ ಹೇಳಿದ. ಆಯಿಯ ಕೈಯಲ್ಲಿದ್ದ ಜಪದ ಸರ ನಿಂತಿತು. ಅವರ ಮನೆಯಲ್ಲಿ ಬೇಯಿಸಿದ ಭಾಂಡೆಯಲ್ಲಿ ನಾಳೆ ಮೇಲಿನ ಓಣಿಯವರು ಉಣ್ಣುತ್ತಾರೇನು ಎಂದು ಕೇಳಿದಳು. ಕಾಕಾ ಮಾಡಿಸುವುದು ಶಿರಾ, ಅನ್ನ, ಸಾರು, ಬದನೆಕಾಯಿ ಪಲ್ಯೆ ಎಂದು ಅಪ್ಪ ವಿವರಿಸಿದ. ಏನು ಬೇಯಿಸುತ್ತಾರೆ ಎಂಬ ಪ್ರಶ್ನೆ ಅದಲ್ಲವೆಂದು ಅವನಿಗೂ ಗೊತ್ತಿತ್ತು. ಎರಡು ದಿನದಲ್ಲಿ ಕಿರಾಣಿ ಅಂಗಡಿಯ ಮಲ್ಲಪ್ಪ ಸಾವಕಾರರ ಮನೆಯಿಂದ ಮಾತು ಬಂತು. ಅವರ ಮನೆಯಲ್ಲಿ ಜೋಡಿ ಮದುವೆ ಇತ್ತು, ಎಲ್ಲ ಭಾಂಡೆ ನಮ್ಮಿಂದಲೇ ಎಂದು ಮೊದಲೇ ಮಾತಾಗಿತ್ತು. ಕೆಳಗಿನ ಓಣಿಗೆ ಹೋಗಿ ಬಂದ ಭಾಂಡೆ ತಮಗೆ ಬೇಡ, ಮೇಲಿನ ಓಣಿಯ ಯಾರಿಗೂ ಬೇಡ ಎಂದು ಅವರು ಮೆಲ್ಲಗೆ, ನಗುತ್ತಲೇ ಹೇಳಿ ಕಳಿಸಿದ್ದರು. ಒಂದು ಕಡೆ ಆಕಳು ಮಾರಿ ಕಟ್ಟಿದ ಧಂದೆ, ಇನ್ನೊಂದು ಕಡೆ ಅದನ್ನು ತಲೆಯ ಮೇಲೆ ಹೊತ್ತು ಇಳಿಸಿದ ದೋಸ್ತ. ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಅಪ್ಪ ಆ ವಾರವಿಡೀ ಅನ್ನ ಕಲಸುತ್ತ ಕೂತಿರುತ್ತಿದ್ದ.

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿಯೊಂದನ್ನು ಹುಡುಕಿದ. ಅಂಥ ದಾರಿಗಳಲ್ಲಿ ನನಗೆ ಅವತ್ತಿನಿಂದ ನಂಬಿಕೆಯಿಲ್ಲ. ಜತ್ತಕ್ಕೆ ಹೋಗಿ ಸಾಲ ಮಾಡಿ ಇನ್ನೊಂದು ಜೊತೆ ಭಾಂಡೆಯನ್ನೇ ತಂದ. ಅವಕ್ಕೆ ಅವ್ವನ ಹೆಸರು ಹಾಕಿಸಲಿಲ್ಲ. ಯಶವಂತನ ಮಗಳ ಮದುವೆಗೆ ಯಾರೂ ಮುಟ್ಟದ ಹೊಚ್ಚ ಹೊಸ ಭಾಂಡೆ ಕೊಡುತ್ತಿದ್ದೇನೆ, ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ ಎಂದು ನಮ್ಮೆಲ್ಲರೆದುರು ಹೇಳಿದ. ಹೇಳುತ್ತ ಹೇಳುತ್ತ ತಾನೂ ಅದನ್ನು ನಂಬಿದ ಎಂದೇ ನನ್ನ ಅನಿಸಿಕೆ. ಕಾಕಾ ಟೆಂಪೊ ತಂದು ಭಾಂಡೆ ಹೇರಿಸಿಕೊಂಡರು. ಒಂದು ತಾಟನ್ನು ತಿರುಗಿಸಿ ಅಂಚನ್ನು ನೋಡಿದರು, ಹಳೆಯ ರಾಶಿಯ ಕಡೆ ಒಮ್ಮೆ ನೋಡಿದರು, ಭಾಳ ಚಲೋ ಅದಾವ ವೈನಿ ಎಂದು ಅವ್ವನಿಗೆ ಕೈಮುಗಿದು ಹೋದರು.

ಮದುವೆ ಮುಗಿಯಿತು. ಭಾಂಡೆ ಮರಳಿ ಬಂದಾಗ ಅಪ್ಪ ಡ್ಯೂಟಿಯ ಮೇಲಿದ್ದ. ದೊಡ್ಡ ಪಾತೇಲಿಯಲ್ಲಿ, ಬಿಳಿ ಬಟ್ಟೆ ಮುಚ್ಚಿ, ಬುಂದಿ ಲಾಡು ಇಟ್ಟಿದ್ದರು. ಅದನ್ನು ಎಮ್ಮೆಗೆ ಹಾಕು ಎಂದಳು ಆಯಿ. ಅವ್ವ ಒಂದು ಲಾಡು ಮುರಿದು ಮೊದಲು ತಾನು ಬಾಯಿಗೆ ಹಾಕಿಕೊಂಡಳು, ಆಮೇಲೆ ನನಗೆ, ತಂಗಿಗೆ ಕೊಟ್ಟಳು. ಆಯಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಭಾಂಡೆ ತೊಳೆದೇ ಕಳಿಸಿದ್ದರು. ಆದರೂ ಎಲ್ಲ ಮದುವೆಯ ಭಾಂಡೆಗೆ ಮಾಡುವಂತೆ ಅವ್ವ ಮತ್ತೊಮ್ಮೆ ತಿಕ್ಕಿ, ಹಳೆಯವುಗಳ ಜೊತೆಗೇ ತಾಟಿನ ಮೇಲೆ ತಾಟು, ಪಾತೇಲಿಯೊಳಗೆ ಪಾತೇಲಿ ಸೇರಿಸಿಟ್ಟಳು. ಹಾಗೆ ಸೇರಿಸುವಾಗ ನಾನು ನೋಡಿದೆ. ಹೆಸರಿಲ್ಲದೆ ಹೋಗಿದ್ದ ಭಾಂಡೆಗಳ ಮೇಲೆ ಹೆಸರಿತ್ತು. ಶಾಂತವ್ವ, ತಿಕೋಂಡಿ. ಪ್ರತಿಯೊಂದರ ಮೇಲೂ. ಕಾಕಾ ತಮ್ಮ ಖರ್ಚಿನಲ್ಲಿ ಬರೆಸಿದ್ದರು. ಜತ್ತದಲ್ಲಿ ಬರೆಸಿದ್ದರೆ ಮರಾಠಿ ಅಕ್ಷರ ಬರುತ್ತಿತ್ತು. ಇವು ಕನ್ನಡ ಅಕ್ಷರ, ಅದೇ ವಿಜಾಪುರದವನ ಚುಕ್ಕಿಗಳು. ಅವ್ವನಿಗೆ ಹೇಳಿದೆ. ಅವಳು ಒಂದು ಸಾರಿನ ವಾಟಿಯನ್ನು ಕೈಯಲ್ಲಿ ಹಿಡಿದು ಆ ಚುಕ್ಕಿಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು.

ಅಪ್ಪ ಬಂದವನು ತಲೆಯ ಮೇಲೆ ಕೈಹೊತ್ತು ಕೂತ. ಸಾವಕಾರರ ಆಳು ಅವತ್ತೇ ಬಂದು, ಕೆಳಗಿನ ಓಣಿಗೆ ಹೋದವು ಯಾವುವು, ಹೋಗದವು ಯಾವುವು ತೋರಿಸಿರಿ ಎಂದ. ಯಾರಿಗೆ ಗೊತ್ತು? ಅಪ್ಪ ರಾಶಿಯನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ಆರಿಸತೊಡಗಿದ. ಫಳಫಳ ಹೊಳೆಯುವವು ಒಂದು ಕಡೆ, ಗೀರು ಬಿದ್ದವು ಇನ್ನೊಂದು ಕಡೆ. ಎರಡಕ್ಕೂ ಸೇರದೆ ಅನುಮಾನದಲ್ಲಿ ಉಳಿದವು ನಡುವೆ. ಆ ನಡುವಿನ ರಾಶಿಯೇ ಎಲ್ಲಕ್ಕಿಂತ ದೊಡ್ಡದಾಯಿತು. ಅದನ್ನು ನೋಡಿ ನಗು ಬರಬೇಕಿತ್ತು. ಬರಲಿಲ್ಲ. ಹೊಳೆಯುವವುಗಳ ಹೆಸರು ಅಳಿಸಿ ಬೇರೆ ಇಡುತ್ತೇನೆ ಎಂದು ಸಾವಕಾರರ ಆಳಿಗೆ ಮಾತು ಕೊಟ್ಟು, ಕಬ್ಬಿಣ ತಿಕ್ಕುವ ಕಾನಸ ಎಲ್ಲಿಂದಲೋ ಬೇಡಿ ತಂದ. ಮರುದಿನ ಅವನ ವಾರದ ರಜೆ. ಹಾಡಹಗಲು ಅಂಗಳದಲ್ಲಿ ಕೂತು, ತಾಟನ್ನು ಮೊಣಕಾಲಿಗೆ ಒತ್ತಿ ಹಿಡಿದು, ಅವ್ವನ ಹೆಸರನ್ನು ಕೆರೆಯತೊಡಗಿದ. ಆ ಕಿರ್ರೆನ್ನುವ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ, ತಂಗಿ ಅತ್ತಳು. ಆಯಿ ಕೂಡ ಸಾಕು ಮಾಡೋ ಎಂದಳು.

ಅಷ್ಟರಲ್ಲಿ ಯಶವಂತ ಕಾಕಾ ಅಂಗಳಕ್ಕೆ ಬಂದರು. ಕೈಯಲ್ಲಿ ಒಂದು ಝಾರಾ ಇತ್ತು. ಮದುವೆ ಮನೆಯ ಒಲೆಯ ಹತ್ತಿರ ಉಳಿದುಹೋಗಿತ್ತಂತೆ. ಅಪ್ಪನ ಕೈ ಕಾನಸದ ಮೇಲೆ ಹಾಗೇ ನಿಂತಿತು. ತಾಟಿನ ಮೇಲೆ 'ಶಾಂ' ಹೋಗಿತ್ತು, ಉಳಿದದ್ದು ಇನ್ನೂ ಇತ್ತು. ಕಾಕಾ ಅದನ್ನು ನೋಡಿದರು. ಪಕ್ಕದಲ್ಲಿದ್ದ ಮೂರು ರಾಶಿಗಳನ್ನೂ ನೋಡಿದರು. ಅಪ್ಪ ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ.

"ಝಾರಾ ಉಳದಿತ್ತು," ಎಂದರು ಕಾಕಾ. ಕಟ್ಟೆಯ ಮೇಲೆ ಇಟ್ಟು ಹೋದರು. ಅವ್ವ ಚಹಾಕ್ಕೆ ನೀರಿಟ್ಟಿದ್ದಳು.

ಆಗ ಅವ್ವ ಹೊರಗೆ ಬಂದಳು. ಅಲ್ಲಿಯವರೆಗೆ ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಎದುರಾಡಿದಳು ಎನ್ನುವುದಕ್ಕಿಂತ, ಅವನ ಕೈಯಿಂದ ಕಾನಸ ತೆಗೆದುಕೊಂಡಳು, ಅಷ್ಟೇ. ಆಮೇಲೆ ನಿಧಾನವಾಗಿ ಹೇಳಿದಳು:

"ಆಕಳ ನಂದು, ಹೆಸರ ನಂದು. ಕೆರಿಯೂದಿದ್ರ ನನ್ನ ಕೇಳಬೇಕಾಗಿತ್ರಿ. ಆ ಮನಷ್ಯಾ ನನ್ನ ಹೆಸರ ಬರಸ್ಯಾನ. ನೀವು ಅಳಸಾಕ ಕುಂತೀರಿ."

ಅವ್ವ ಮೂರೂ ರಾಶಿಗಳನ್ನು ಕಲಸಿ ಒಂದು ಮಾಡಿದಳು. ಸಂಜೆ ಹಣೆಗೆ ಭಸ್ಮ ಹಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ನನ್ನ ಕೈ ಹಿಡಿದು ಕೆಳಗಿನ ಓಣಿಗೆ ನಡೆದಳು. ಆ ಓಣಿಗೆ ಅವಳು ಕಾಲಿಟ್ಟದ್ದು ಅವತ್ತೇ ಮೊದಲು. ದಾರಿ ಗೊತ್ತಿಲ್ಲದೆ ಎರಡು ಕಡೆ ಕೇಳಬೇಕಾಯಿತು. ಅಷ್ಟು ವರ್ಷ ನಮ್ಮ ಕಟ್ಟೆಗೆ ಬಂದವರ ಮನೆ ನಮಗೆ ಗೊತ್ತಿರಲಿಲ್ಲ ಎಂಬ ನಾಚಿಕೆ ಆ ಸಣ್ಣ ವಯಸ್ಸಿನಲ್ಲೂ ನನ್ನ ಕಿವಿ ಬಿಸಿ ಮಾಡಿತು. ಕಾಕಾನ ಹೆಂಡತಿ, ನಮ್ಮ ಕಾಕು, ಗಡಬಡಿಸಿ ಕಂಬಳಿ ಹಾಸಿದರು, ನೀರು ಕೊಟ್ಟರು. ಅವ್ವ ಕುಡಿದಳು. ಮದುವೆಯ ಚಪ್ಪರದ ತೋರಣ ಇನ್ನೂ ಬಾಗಿಲಲ್ಲಿ ಒಣಗುತ್ತಿತ್ತು. ತಪ್ಪಾಯಿತು ಅಣ್ಣಾರ, ಅವರ ಪರವಾಗಿ ನಾನು ಹೇಳುತ್ತೇನೆ ಎಂದು ಅವ್ವ ಶುರು ಮಾಡಿದಳು. ಹೆಸರು ಹಾಕಿಸುವುದು ಮರೆತಿದ್ದಾರೆಂದು ನೀವು ಒಳ್ಳೆಯ ಮನಸ್ಸಿನಿಂದ ಹಾಕಿಸಿದಿರಿ, ನಾವು ನೋಡಿದರೆ ಹೀಗೆ ಮಾಡಿದೆವು ಎಂದಳು. ಕಾಕಾ ತಲೆಯಾಡಿಸಿದರು.

"ಮರತಾರಂತ ಅಲ್ಲರಿ ವೈನಿ. ಹೆಸರ ಇಲ್ಲದ್ದ ನೋಡಿದ ಕೂಡ್ಲೆ ನನಗ ತಿಳೀತು. ತಿಳಿದ ನಾ ಹಾಕಿಸಿದ್ನಿ. ಸಿದ್ಯಾ ಹಂಗ ಇರಾಕ ಬಿಡ್ತಾನೋ, ಅಳಸ್ತಾನೋ, ಒಂದ ಸಲ ನೋಡಬೇಕಾಗಿತ್ತು."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂತಿರುಗುವಾಗ ದಾರಿಯುದ್ದಕ್ಕೂ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ನಾನು ಬಿಡಿಸಿಕೊಳ್ಳಲಿಲ್ಲ.

ಸಾವಕಾರರ ಮದುವೆಗೆ ಭಾಂಡೆ ವಿಜಾಪುರದಿಂದ ಬಂದವು. ಮೇಲಿನ ಓಣಿ ನಮ್ಮಲ್ಲಿಗೆ ಬರುವುದನ್ನು ಬಿಟ್ಟಿತು. ಸನಮಡಿ, ಕುಣಿಕೋಣೂರದ ಕಡೆಯವರು ಬರುತ್ತಿದ್ದರು, ಕೆಳಗಿನ ಓಣಿಯವರೂ ಬರತೊಡಗಿದರು. ಯಾರಾದರೂ ಇವು ಎಲ್ಲೆಲ್ಲಿ ಹೋಗಿ ಬಂದಿವೆ ಎಂದು ಕೇಳಿದರೆ, ಎಲ್ಲ ಕಡೆ ಹೋಗಿ ಬಂದಿವೆ, ಬೇಕಿದ್ದರೆ ಒಯ್ಯಿರಿ ಎಂದು ಅವ್ವ ಹೇಳುತ್ತಿದ್ದಳು. ಧಂದೆ ಕುಂಟುತ್ತ ನಡೆಯಿತು. ಅಪ್ಪ ಅದರ ತಂಟೆಗೆ ಹೋಗುವುದನ್ನೇ ಬಿಟ್ಟ. ಅವ್ವನೊಡನೆ ಅವನ ಮಾತೂ ಕಡಿಮೆಯಾಯಿತು. ಊಟಕ್ಕೆ ಕೂತಾಗ ಅವಳ ತಾಟಿನ ಕಡೆ ನೋಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ದೊಡ್ಡ ಜಗಳವೇನೂ ಆಗಲಿಲ್ಲ. ಒಂದು ಜಗಳವಾಗಿ ಮುಗಿದುಹೋಗಿದ್ದರೆ ಎಂದು ನಾನು ಎಷ್ಟೋ ಸಲ ಬಯಸಿದ್ದೇನೆ.

ಅಪ್ಪ, ಕಾಕಾ ಇಬ್ಬರೂ ಅದೇ ಬಸ್ಸಿನಲ್ಲಿ ಮುಂದುವರಿದರು. ಜತ್ತದ ಹೈಸ್ಕೂಲಿಗೆ ಸೇರಿದ ಮೇಲೆ ನಾನು ದಿನಾ ಅದರಲ್ಲೇ ಹೋಗುತ್ತಿದ್ದೆ. ಕಾಕಾ ನನ್ನನ್ನು ಕಂಡರೆ ಮೊದಲಿನಂತೆಯೇ ನಗುತ್ತಿದ್ದರು, ಅವ್ವ ಆರಾಮ ಇದ್ದಾಳೇನು ಎಂದು ಕೇಳುತ್ತಿದ್ದರು. ಅಪ್ಪ ಹಿಂದಿನ ಬಾಗಿಲಲ್ಲಿ ಟಿಕೀಟು ಹರಿಯುತ್ತ ಇರುತ್ತಿದ್ದ. ಅವರಿಬ್ಬರ ನಡುವೆ ಗಂಟೆ ಬಿಟ್ಟರೆ ಬೇರೆ ಮಾತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಕಾಕಾನ ಎರಡನೇ ಮಗಳ ಮದುವೆ ಬಂತು. ಆಮಂತ್ರಣ ಕೊಡಲು ಅವರೇ ಮನೆಗೆ ಬಂದರು. ಅಪ್ಪ ದಡಬಡಿಸಿ ಎದ್ದು, ಕಟ್ಟೆಯ ಮೇಲೆ ಕೂರಲು ಬಿಡದೆ, ಕೈಹಿಡಿದು ಪಡಸಾಲೆಗೆ ಕರೆತಂದ. ಆಯಿ ಆಗ ತೀರಿಕೊಂಡಿದ್ದಳು. ಕಾಕಾ ಚಹಾ ಕುಡಿದರು, ಕಾರ್ಡು ಕೊಟ್ಟರು, ಹುಡುಗನ ನೌಕರಿಯ ಸುದ್ದಿ ಹೇಳಿದರು. ಎದ್ದು ಹೊರಡುವವರೆಗೂ ಭಾಂಡೆಯ ಮಾತು ಬರಲಿಲ್ಲ. ಅಪ್ಪ ಅದಕ್ಕಾಗಿಯೇ ಕಾಯುತ್ತಿದ್ದಾನೆ ಎಂದು ನನಗೂ ಅವ್ವನಿಗೂ ಗೊತ್ತಿತ್ತು. ಕಡೆಗೆ ತಾನೇ ರಾಶಿಯ ಕಡೆ ಕೈ ತೋರಿಸಿದ.

"ಎಲ್ಲಾ ಒಯ್ಯೋ ಯಶವಂತ. ಬಾಡಿಗಿ ಬ್ಯಾಡ. ನಾನ ಹೊತ್ತ ತಂದ ಇಳಸ್ತೀನಿ."

ಕಾಕಾ ಚಪ್ಪಲಿ ಮೆಟ್ಟುತ್ತಿದ್ದರು. ಮೆಟ್ಟಿ ಮುಗಿದ ಮೇಲೆ ಅಪ್ಪನ ಭುಜದ ಮೇಲೆ ಕೈಯಿಟ್ಟರು.

"ಭಾಂಡೆ ಆಗ್ಯಾವ. ನೀ ಊಟಕ್ಕ ಬಾ."

ಮದುವೆಯ ದಿನ ಅಪ್ಪ ಹೊಸ ಧೋತರ ಉಟ್ಟು ತಯಾರಾದ. ಬಾಗಿಲವರೆಗೆ ಹೋದ, ಬಂದು ಕೂತ, ಮತ್ತೆ ಹೋದ. ಕೊನೆಗೆ ಅವ್ವನೂ ನಾನೂ ತಂಗಿಯೂ ಹೋಗಿ ಉಂಡು ಬಂದೆವು. ಬಂದಾಗ ಅವನು ಹಾಗೇ ಧೋತರದಲ್ಲಿ ಪಡಸಾಲೆಯಲ್ಲಿ ಕೂತಿದ್ದ. ಅಡಿಗೆ ಏನಿತ್ತು ಎಂದು ಕೇಳಲಿಲ್ಲ, ಜನ ಎಷ್ಟಿದ್ದರು ಎಂದು ಕೇಳಲಿಲ್ಲ. ನನ್ನನ್ನು ಯಶವಂತ ಕೇಳಿದನೇನು ಎಂದಷ್ಟೇ ಕೇಳಿದ. ಪಂಕ್ತಿ ಮುಗಿಯುವವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದರು ಎಂದಳು ಅವ್ವ.